ಹಾಯಿದೋಣಿಯಲ್ಲೂ ಒಂದು ಬಾಗಿಲು ಬೇಕು

ಪ್ರವಾಸ ಲೇಖನ ಎಂದ ಕೂಡಲೇ ಬೆಟ್ಟ, ಕಡಲು, ಕೋಟೆ, ಮಸೀದಿಗಳ ವರ್ಣನೆಯನ್ನು ನೀವು ನಿರೀಕ್ಷಿಸುತ್ತೀರಿ. ಅದು ಸಹಜ. ಆದರೆ ಹೆಣ್ಣು ಮಕ್ಕಳನ್ನೂ ವಯಸ್ಸಾದ ತಾಯಿಯನ್ನೂ ಕರೆದುಕೊಂಡು ಪ್ರವಾಸ ಹೊರಟ ಯಾರನ್ನಾದರೂ ಕೇಳಿ ನೋಡಿ. ಊರು ತಲುಪುವ ಮೊದಲೇ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಬೇರೆ. ಅಲ್ಲಿ ಟಾಯ್ಲೆಟ್ ಇದೆಯೇ? ನೀರು ಇದೆಯೇ? ಬಾಗಿಲಿಗೆ ಚಿಲಕ ಇದೆಯೇ? ಈ ಮೂರಕ್ಕೂ ‘ಇದೆ’ ಎಂಬ ಉತ್ತರ ಸಿಕ್ಕಿದ ಬಳಿಕವೇ ನಮಗೆ ಬೆಟ್ಟವೂ ಕಾಣುತ್ತದೆ, ಕಡಲೂ ಕಾಣುತ್ತದೆ.

ಉತ್ತರ ಸಿಗದಿದ್ದರೆ ನಾವು ಏನು ಮಾಡುತ್ತೇವೆ ಎಂಬುದು ನಿಮಗೆ ಗೊತ್ತಿದೆ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತೇವೆ. ಬಸ್ಸಿನಲ್ಲಿ ಚಹಾ ಬೇಡ ಎನ್ನುತ್ತೇವೆ. ಮರಳಿ ಮನೆಗೆ ಬಂದ ಮೇಲೆ ಉರಿಮೂತ್ರವೆಂದು ಡಾಕ್ಟರ ಬಳಿ ಹೋಗುತ್ತೇವೆ. ಆದ್ದರಿಂದ ಈ ಬಾರಿ ನಾನು ಒಂದು ಸುಂದರ ಊರಿನ ಬಗ್ಗೆ ಬರೆಯುತ್ತಾ, ಅಲ್ಲಿ ಕಂಡ ಒಂದು ಹಾಯಿದೋಣಿಯ ಟಾಯ್ಲೆಟ್ಟಿನ ಬಗ್ಗೆಯೂ ಬರೆಯುತ್ತೇನೆ. ವಿಷಯ ಸಣ್ಣದು ಎನಿಸಬಹುದು. ಅದರೊಳಗೆ ಆರೋಗ್ಯ, ಮಾನ, ಶುಚಿತ್ವ, ನೆರೆಯವರ ಹಕ್ಕು ಎಲ್ಲವೂ ಇರುವುದನ್ನು ನೀವೇ ನೋಡುವಿರಿ.

ಗೋಜೆಕ್ ಎಂಬ ಊರು

ತುರ್ಕಿಯ ನೈಋತ್ಯ ಮೂಲೆಯಲ್ಲಿ ಮುಗ್ಲಾ ಎಂಬ ಪ್ರಾಂತವಿದೆ. ಅದರ ಫೆಥಿಯೆ ಕೊಲ್ಲಿಯ ಒಂದು ಬದಿಗೆ ಅಂಟಿಕೊಂಡಿರುವ ಪುಟ್ಟ ಊರು ಗೋಜೆಕ್. ದಲಮಾನ್ ವಿಮಾನ ನಿಲ್ದಾಣದಿಂದ ಸುಮಾರು 20 ಕಿಲೋಮೀಟರ್ ದಾರಿ. ಹಿಂದೆ ಇಲ್ಲಿಂದ ಕ್ರೋಮ್ ಅದಿರು ಹಡಗಿಗೆ ಹೋಗುತ್ತಿತ್ತು. ಈಗ ಇಡೀ ಊರು ದೋಣಿಗಳನ್ನು ನಂಬಿಕೊಂಡು ಬದುಕುತ್ತಿದೆ. ಬೆಳಿಗ್ಗೆ ಎದ್ದು ಕಡಲ ಬದಿಗೆ ಬಂದರೆ ಕಾಡಿನಲ್ಲಿ ಮರ ನಿಂತ ಹಾಗೆ ಹಾಯಿಕಂಬಗಳು ನಿಂತಿರುತ್ತವೆ.

ಊರಿನ ಮುಂದೆ ಸಣ್ಣ ಸಣ್ಣ ದ್ವೀಪಗಳು. ಬೆಟ್ಟಗಳ ಮೇಲೆ ಪೈನ್ ಮರಗಳು. ಆ ಮರಗಳು ನೀರಿನ ಅಂಚಿನವರೆಗೂ ಇಳಿದು ಬಂದಿವೆ. ಒಂದು ಕೊಲ್ಲಿಯೊಳಗೆ ಹಳೆಯ ಸ್ನಾನಗೃಹದ ಗೋಡೆಗಳು ಅರ್ಧ ನೀರಿನಲ್ಲಿ ಮುಳುಗಿ ನಿಂತಿವೆ. ಅದನ್ನು ಜನರು ಕ್ಲಿಯೋಪಾತ್ರಾಳ ಹಮಾಮ್ ಎನ್ನುತ್ತಾರೆ. ಇನ್ನೊಂದು ಕಡೆ ಬಂಡೆಯನ್ನು ಕೊರೆದು ಮಾಡಿದ ಪ್ರಾಚೀನ ಲಿಸಿಯನ್ನರ ಸಮಾಧಿಗಳು. ಸಂಜೆ ಊರಿನ ಮಸೀದಿಯಿಂದ ಬಾಂಗ್ ಕೇಳುವಾಗ ನೀರು ಒಂದು ತಟ್ಟೆಯಂತೆ ಅಲುಗಾಡದೆ ಇರುತ್ತದೆ. ನಮ್ಮ ಪಣಂಬೂರು, ಉಳ್ಳಾಲದ ಅಬ್ಬರದ ತೆರೆಗಳನ್ನು ಕಂಡವರಿಗೆ ಇದು ಕಡಲೋ ಕೆರೆಯೋ ಎಂಬ ಸಂಶಯ ಬರುತ್ತದೆ. ಆ ಸಂಶಯದಲ್ಲೇ ಈ ಲೇಖನದ ಮುಖ್ಯ ವಿಷಯ ಅಡಗಿದೆ. ಅದಕ್ಕೆ ಮುಂದೆ ಬರುತ್ತೇನೆ.

ಈ ಕರಾವಳಿಯಲ್ಲಿ ದೋಣಿ ವಿಹಾರಕ್ಕೆ ‘ನೀಲಿ ಯಾನ’ ಎಂಬ ಹೆಸರಿದೆ. ಜೆವಾತ್ ಶಾಕಿರ್ ಕಬಾಆಚ್ಲಿ ಎಂಬ ಲೇಖಕರನ್ನು 1925ರಲ್ಲಿ ಬೋದ್ರುಮ್ ಎಂಬ ಊರಿಗೆ ಗಡೀಪಾರು ಮಾಡಲಾಯಿತು. ಶಿಕ್ಷೆಯಾಗಿ ಬಂದವರು ಆ ಊರನ್ನೇ ಪ್ರೀತಿಸಿಬಿಟ್ಟರು. ಸ್ಪಂಜು ತೆಗೆಯುವವರ ದೋಣಿಗಳಲ್ಲಿ ಗೆಳೆಯರನ್ನು ಕೂರಿಸಿಕೊಂಡು ಕೊಲ್ಲಿಯಿಂದ ಕೊಲ್ಲಿಗೆ ಸುತ್ತಿದರು. ಅವರ ಬಳಗದ ಅಝ್ರಾ ಎರ್ಹಾತ್ ಎಂಬ ವಿದ್ವಾಂಸೆ 1962ರಲ್ಲಿ ‘ನೀಲಿ ಯಾನ’ ಎಂಬ ಹೆಸರಿನಲ್ಲೇ ಪುಸ್ತಕ ಬರೆದರು. ಆಗ ಬೆರಳೆಣಿಕೆಯ ದೋಣಿಗಳು. ಕಡಲೇ ಅಡುಗೆಮನೆ, ಕಡಲೇ ಬಚ್ಚಲು. ಈಗ ಹಾಗಲ್ಲ. ಬೇಸಿಗೆಯಲ್ಲಿ ಒಂದೊಂದು ಕೊಲ್ಲಿಯಲ್ಲೂ ದೋಣಿಗಳು ಮೈಗೆ ಮೈ ತಾಗಿಸಿ ನಿಲ್ಲುತ್ತವೆ.

ಒಂದು ದೋಣಿ, ಎರಡು ಅಭಿಪ್ರಾಯ

ದುಬೈಯಲ್ಲಿರುವ ನನ್ನ ತಮ್ಮನ ಸಹೋದ್ಯೋಗಿ ಫೆಥಿಯೆಯವರು. ಅವರ ಆಮಂತ್ರಣದ ಮೇಲೆ ತಮ್ಮ, ಅವನ ಹೆಂಡತಿ, ನಮ್ಮ ಉಮ್ಮ ಮತ್ತು ನಾನು ಒಂದು ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆವು. ಆ ಮಿತ್ರರ ತಂದೆ ಬಿಟ್ಟುಹೋದ 27 ಅಡಿಯ ಹಾಯಿದೋಣಿ ಗೋಜೆಕ್‌ನಲ್ಲಿದೆ. ಒಳಗೆ ಇಳಿದರೆ ಎದುರುಬದಿರು ಎರಡು ಬೆಂಚು, ಒಂದು ಸಣ್ಣ ಒಲೆ, ಮುಂಭಾಗದಲ್ಲಿ ಇಬ್ಬರು ಮಲಗುವಷ್ಟು ಜಾಗ. ನಡುವೆ ನಮ್ಮ ಗೋಡ್ರೇಜ್ ಕಪಾಟಿನಷ್ಟು ಅಗಲದ ಒಂದು ಗೂಡು. ಅದೇ ಟಾಯ್ಲೆಟ್. ಆದರೆ ನಾವು ಹೋದಾಗ ಗೂಡು ಖಾಲಿಯಾಗಿತ್ತು. ಹಳೆಯ ಟಾಯ್ಲೆಟ್ಟಿನ ಪೈಪುಗಳು ಕೆಟ್ಟು ವಾಸನೆ ಬಂದದ್ದರಿಂದ ಅದನ್ನು ಕಿತ್ತು ಹಾಕಿದ್ದರು. ಶಾಲೆಗೆ ರಜೆ ಸಿಗುವ ಮೊದಲು ಹೊಸದನ್ನು ಹಾಕಬೇಕು. ಆದರೆ ಯಾವುದನ್ನು?

ಅವರ ಮುಂದೆ ಇದ್ದದ್ದು ಎರಡು ದಾರಿ. ಒಂದು, ಪೈಪು, ಪಂಪು, ಟ್ಯಾಂಕು ಜೋಡಿಸಿ ಅಲ್ಲೇ ಕೂರಿಸುವ ಟಾಯ್ಲೆಟ್. ಇನ್ನೊಂದು, ಸೂಟ್‌ಕೇಸಿನಂತೆ ಎತ್ತಿಕೊಂಡು ಹೋಗಬಹುದಾದ ಪ್ಲಾಸ್ಟಿಕ್ ಟಾಯ್ಲೆಟ್. ಗಂಡನಿಗೆ ಎರಡನೆಯದು ಇಷ್ಟ. ಹೆಂಡತಿಗೆ ಮೊದಲನೆಯದು. ಬೆಳೆಯುತ್ತಿರುವ ಇಬ್ಬರು ಹೆಣ್ಣು ಮಕ್ಕಳಿರುವ ಮನೆ. ಬೇಸಿಗೆಯಲ್ಲಿ ಒಂದೊಂದು ಸಲ ನಾಲ್ಕೈದು ರಾತ್ರಿ ದೋಣಿಯಲ್ಲೇ ಕಳೆಯುವ ಅಭ್ಯಾಸ. ಆಕೆ ನನ್ನನ್ನು ‘ಅಬ್ಲಾ’ ಎಂದು ಕರೆಯುತ್ತಿದ್ದರು. ಅಂದರೆ ಅಕ್ಕ. “ಅಬ್ಲಾ, ಗಂಡಸರಿಗೆ ಇದು ಖರ್ಚಿನ ವಿಷಯ. ಇದು ಸರಿಯಿಲ್ಲದಿದ್ದರೆ ನಾನೂ ಮಕ್ಕಳೂ ದಡದಲ್ಲೇ ಉಳಿಯುತ್ತೇವೆ” ಎಂದರು. ಕಳೆದ ಬೇಸಿಗೆಯಲ್ಲಿ ಹಾಗೆಯೇ ಆಗಿತ್ತಂತೆ. ತಂದೆ ಕಡಲಿಗೆ, ತಾಯಿ ಮಕ್ಕಳು ಅಜ್ಜಿಮನೆಗೆ.

ನೀವು ನಗಬೇಡಿ. ಟಾಯ್ಲೆಟ್ ಇಲ್ಲದ ಕಡೆಗೆ ಹೆಂಗಸರು ಹೋಗುವುದಿಲ್ಲ. ಶಾಲೆಯಾಗಲಿ, ಮಾರ್ಕೆಟ್ ಆಗಲಿ, ದೋಣಿಯಾಗಲಿ ಇದು ಒಂದೇ ನಿಯಮ. ಪಾಠ ಮಾಡುವ ನನಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ತರಗತಿಯ ಹುಡುಗಿಯರು ತಿಂಗಳಲ್ಲಿ ಮೂರು ದಿನ ಯಾಕೆ ಬರುವುದಿಲ್ಲವೆಂದು ಎಲ್ಲ ಟೀಚರುಗಳಿಗೂ ಗೊತ್ತು.

ಮೊದಲ ದಾರಿ: ಪೈಪಿನ ಟಾಯ್ಲೆಟ್

ಇಂಗ್ಲಿಷ್ ನಾವಿಕರು ದೋಣಿಯ ಟಾಯ್ಲೆಟ್ಟಿಗೆ ಇಂದಿಗೂ ‘ಹೆಡ್’ ಎನ್ನುತ್ತಾರೆ. ಅಂದರೆ ತಲೆ. ಹಿಂದಿನ ದೊಡ್ಡ ಹಾಯಿ ಹಡಗುಗಳಲ್ಲಿ ಗಾಳಿ ಹಿಂದಿನಿಂದ ಬೀಸುತ್ತಿತ್ತು. ಹಾಗಾಗಿ ನಾವಿಕರು ಹಡಗಿನ ತಲೆಯ ಭಾಗಕ್ಕೆ, ಎಂದರೆ ಮೂತಿಯ ಕಡೆಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ವಾಸನೆ ಮುಂದಕ್ಕೆ ಹೋಗುತ್ತಿತ್ತು, ತೆರೆ ಬಂದು ತೊಳೆದು ಹೋಗುತ್ತಿತ್ತು. ಹೆಸರು ಉಳಿಯಿತು, ಜಾಗ ಬದಲಾಯಿತು.

ಇಂದಿನ ಸಣ್ಣ ದೋಣಿಯ ಪೈಪಿನ ಟಾಯ್ಲೆಟ್ ಹೇಗೆ ಕೆಲಸ ಮಾಡುತ್ತದೆ? ದೋಣಿಯ ತಳದಲ್ಲಿ ಒಂದು ತೂತು. ಅದಕ್ಕೆ ಒಂದು ವಾಲ್ವ್. ಪಕ್ಕದಲ್ಲಿರುವ ಕೈಪಂಪನ್ನು ಒತ್ತಿದರೆ ಆ ತೂತಿನಿಂದ ಕಡಲ ನೀರು ಬಟ್ಟಲಿಗೆ ಬರುತ್ತದೆ. ಇನ್ನಷ್ಟು ಒತ್ತಿದರೆ ಬಟ್ಟಲಿನಲ್ಲಿರುವುದೆಲ್ಲ ಇನ್ನೊಂದು ಪೈಪಿನ ಮೂಲಕ ಹೊರಗೆ ಅಥವಾ ದೋಣಿಯೊಳಗಿನ ಟ್ಯಾಂಕಿಗೆ ಹೋಗುತ್ತದೆ. ದಡಕ್ಕೆ ಬಂದಾಗ ಟ್ಯಾಂಕನ್ನು ಯಂತ್ರದ ಪೈಪ್ ಹಾಕಿ ಹೀರಿ ತೆಗೆಯುತ್ತಾರೆ. ನಮ್ಮ ಊರಿನಲ್ಲಿ ಟ್ಯಾಂಕ್ ಲಾರಿ ಬಂದು ಮನೆಯ ಗುಂಡಿ ಖಾಲಿ ಮಾಡುವ ಹಾಗೆಯೇ.

ಇದರ ಅನುಕೂಲ ಸ್ಪಷ್ಟ. ಕೂರಲು ಗಟ್ಟಿಯಾಗಿರುತ್ತದೆ. ದೋಣಿ ಓಲಾಡಿದರೂ ಅಲುಗುವುದಿಲ್ಲ. ಮನೆಯ ಕಮೋಡಿನಂತೆ ಬಳಸಬಹುದು. ಯಾರೂ ಏನನ್ನೂ ಹೊರಬೇಕಾಗಿಲ್ಲ.

ಕಷ್ಟಗಳೂ ಇವೆ. ಮೊದಲನೆಯದು ಆ ತೂತು. ಬಟ್ಟಲು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದು, ವಾಲ್ವ್ ಮುಚ್ಚಲು ಮರೆತರೆ ಕಡಲು ತಾನಾಗಿಯೇ ಒಳಗೆ ಹರಿಯಲು ಶುರುಮಾಡಬಹುದು. ಕಟ್ಟಿ ಹಾಕಿದ ದೋಣಿ ನಿಂತಲ್ಲೇ ಮುಳುಗಬಹುದು. ಇದನ್ನು ತಡೆಯಲು ಪೈಪನ್ನು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಬಳಸಿ, ತುದಿಯಲ್ಲಿ ಗಾಳಿ ಒಳಬರುವ ಸಣ್ಣ ವಾಲ್ವ್ ಇಡುತ್ತಾರೆ. ಇದು ಬರೀ ಹೆದರಿಕೆಯ ಮಾತಲ್ಲ. 1945ರ ಏಪ್ರಿಲ್‌ನಲ್ಲಿ ಜರ್ಮನಿಯ ಒಂದು ಜಲಾಂತರ್ಗಾಮಿ ಸ್ಕಾಟ್ಲೆಂಡಿನ ಕರಾವಳಿಯ ಬಳಿ ನಾಶವಾದದ್ದು ಅದರ ಟಾಯ್ಲೆಟ್ಟಿನ ಮೂಲಕ ಒಳನುಗ್ಗಿದ ನೀರಿನಿಂದ ಆರಂಭವಾದ ಅನಾಹುತದಿಂದ.

ಎರಡನೆಯದು ವಾಸನೆ. ಕಡಲ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಪೈಪಿನೊಳಗೆ ನಿಂತ ನೀರಿನಲ್ಲಿ ಅವು ಸತ್ತು ಕೊಳೆತು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತವೆ. ಮೂತ್ರವೂ ಉಪ್ಪು ನೀರೂ ಸೇರಿ ಪೈಪಿನೊಳಗೆ ಸುಣ್ಣದಂತಹ ಗಟ್ಟಿ ಪದರ ಕಟ್ಟುತ್ತದೆ. ಆಗಾಗ ವಿನೆಗರ್ ಹಾಕಿ ಬಿಡಬೇಕು. ಹೊಟ್ಟೆಯ ಮೂಲಕ ಬರದ ಯಾವುದನ್ನೂ ಬಟ್ಟಲಿಗೆ ಹಾಕಬಾರದು. ಒಂದು ಪ್ಯಾಡ್, ಒಂದು ಹಿಡಿ ಕೂದಲು ಬಿದ್ದರೆ ಸಾಕು, ಪಂಪ್ ನಿಂತಿತು. ಕೈಹಾಕಿ ಬಿಚ್ಚಬೇಕು.

ಮೂರನೆಯದು ಖರ್ಚು ಮತ್ತು ಜಾಗ. 60 ಲೀಟರಿನ ಟ್ಯಾಂಕ್ ಇಡಲು ಮಲಗುವ ಹಲಗೆಯ ಕೆಳಗಿನ ಜಾಗವೆಲ್ಲ ಹೋಗುತ್ತದೆ.

ಎರಡನೆಯ ದಾರಿ: ಎತ್ತಿಕೊಂಡು ಹೋಗುವ ಟಾಯ್ಲೆಟ್

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿಗಾಗಿ ಕಮೋಡ್ ಕುರ್ಚಿ ಇರಬಹುದು. ಅದರ ಸುಧಾರಿತ ರೂಪ ಎಂದು ತಿಳಿಯಿರಿ. ಇದಕ್ಕೆ ಎರಡು ಭಾಗ. ಮೇಲ್ಭಾಗದಲ್ಲಿ ಕೂರುವ ಜಾಗ ಮತ್ತು ತೊಳೆಯುವ ನೀರಿನ ಟ್ಯಾಂಕ್. ಕೆಳಭಾಗದಲ್ಲಿ ಮಲ ಸಂಗ್ರಹದ ಟ್ಯಾಂಕ್, ಸಾಧಾರಣ 20 ಲೀಟರ್. ನಡುವೆ ಎಳೆದು ತೆರೆಯುವ ಮುಚ್ಚಳ. ಮುಚ್ಚಿದರೆ ವಾಸನೆ ಹೊರಗೆ ಬರುವುದಿಲ್ಲ. ಕೊಳೆಯದಂತೆ ಒಂದು ದ್ರಾವಣ ಹಾಕುತ್ತಾರೆ. ತುಂಬಿದಾಗ ಕೊಂಡಿ ತೆಗೆದು, ಕೆಳಭಾಗವನ್ನು ಹಿಡಿಕೆಯಿಂದ ಎತ್ತಿ, ದಡದ ಟಾಯ್ಲೆಟ್ಟಿಗೆ ಸುರಿದು, ತೊಳೆದು ತರಬೇಕು.

ದೋಣಿಗೆ ತೂತು ಬೇಡ. ಪೈಪ್ ಇಲ್ಲ, ಪಂಪ್ ಕೆಡುವ ಚಿಂತೆ ಇಲ್ಲ. ಪೈಪಿನ ವ್ಯವಸ್ಥೆಯ ಖರ್ಚಿನ ಮುಂದೆ ಇದರ ಬೆಲೆ ಏನೂ ಅಲ್ಲ. ಪೆಟ್ಟಿಗೆ ಬಿಚ್ಚಿದ ದಿನವೇ ಬಳಸಬಹುದು. ಒಂದು ಹಗಲು ಹೋಗಿ ಬರುವ ಇಬ್ಬರಿಗೆ ಇದಕ್ಕಿಂತ ಒಳ್ಳೆಯದು ಇನ್ನಿಲ್ಲ.

ಆದರೆ ತುಂಬಿದ ಟ್ಯಾಂಕಿನ ತೂಕ 20 ಕಿಲೋಗಿಂತಲೂ ಹೆಚ್ಚು. ದೋಣಿಯ ಕಡಿದಾದ ಮೆಟ್ಟಿಲು ಹತ್ತಿ, ಕಿರಿದಾದ ಹಲಗೆಯ ಮೇಲೆ ನಡೆದು, ಜನರ ಮಧ್ಯೆ ಅದನ್ನು ಒಯ್ಯಬೇಕು. ಒಂದು ಅಕ್ಕಿ ಚೀಲ ಹೊತ್ತು ಹಲಗೆಯ ಮೇಲೆ ನಡೆದಂತೆ. ಕಾಲು ಜಾರಿದರೆ?

ನಮ್ಮ ಲೆಕ್ಕ ಬೇರೆ

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಈ ಟಾಯ್ಲೆಟ್ಟುಗಳ ಜಾಹೀರಾತಿನಲ್ಲಿ ಇಷ್ಟು ದಿನ ಬರುತ್ತದೆ, ಅಷ್ಟು ಸಲ ಬರುತ್ತದೆ ಎಂಬ ಲೆಕ್ಕ ಇರುತ್ತದೆ. ಅದು ಕಾಗದ ಬಳಸುವವರ ಲೆಕ್ಕ. ನೀರಿನಿಂದ ಶುಚಿಗೊಳ್ಳುವ ನಮಗೆ ಅದು ಹೊಂದುವುದಿಲ್ಲ. ತುರ್ಕಿಯವರೂ ನಮ್ಮ ಹಾಗೆಯೇ. ಅವರ ಕಮೋಡಿನೊಳಗೆ ನೀರು ಚಿಮ್ಮುವ ಸಣ್ಣ ನಳಿಕೆ ಇರುತ್ತದೆ. ಅದಕ್ಕೆ ಅವರು ಹೇಳುವುದು ‘ತಹಾರೆತ್’ ನಳಿಕೆ ಎಂದು. ನಾವು ಮದ್ರಸದಲ್ಲಿ ಕಲಿತ ‘ತಹಾರತ್’ ಎಂಬ ಪದವೇ ಅದು.

ದೋಣಿಯ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಆಕೆಯೂ ನಾನೂ ಲೆಕ್ಕ ಹಾಕಿದೆವು. ನಾಲ್ವರ ಕುಟುಂಬ. ಒಬ್ಬರಿಗೆ ದಿನಕ್ಕೆ ಐದಾರು ಸಲ ಎಂದರೆ ಒಟ್ಟು ಸುಮಾರು 22 ಸಲ. ಮೂತ್ರವೇ ತಲಾ ಒಂದೂವರೆ ಲೀಟರಿನಂತೆ 6 ಲೀಟರ್. ಒಂದು ಸಲಕ್ಕೆ ಅರ್ಧ ಲೀಟರ್ ನೀರಿನಲ್ಲಿ ತೊಳೆದುಕೊಂಡರೂ 11 ಲೀಟರ್. ಅಲ್ಲಿಗೇ 17 ಆಯಿತು. ಮೇಲಿಂದ ಪ್ರತಿ ಸಲ ಕಾಲು ಲೀಟರ್ ಫ್ಲಶ್ ಮಾಡಿದರೆ 22 ದಾಟುತ್ತದೆ. 20 ಲೀಟರಿನ ಟ್ಯಾಂಕ್ ಒಂದು ದಿನವೂ ಬರುವುದಿಲ್ಲ. ಇಷಾ ನಮಾಝಿನ ಮೊದಲೇ ತುಂಬುತ್ತದೆ. ರಾತ್ರಿ ಕೊಲ್ಲಿಯ ಮಧ್ಯೆ ಲಂಗರು ಹಾಕಿ ಮಲಗಿದಾಗ ಅದನ್ನು ಎಲ್ಲಿಗೆ ಒಯ್ಯುವುದು?

ಪೈಪಿನ ಟಾಯ್ಲೆಟ್ಟಿಗೂ ಇದೇ ಲೆಕ್ಕ ಹಾಕಿ ನೋಡಿದೆವು. ಕೈಪಂಪು ಒತ್ತುತ್ತಾ ಪ್ರತಿ ಸಲ ಎರಡು ಲೀಟರ್ ಕಡಲ ನೀರು ಬಿಟ್ಟರೆ ಫ್ಲಶ್ಶಿಗೇ 44 ಲೀಟರ್ ಬೇಕು. ಒಟ್ಟು 61 ಲೀಟರ್. 60 ಲೀಟರಿನ ದೊಡ್ಡ ಟ್ಯಾಂಕ್ ಕೂಡಾ ಒಂದೇ ದಿನಕ್ಕೆ ಮುಗಿಯಿತು! ಆಗ ಆಕೆಗೆ ಒಂದು ಉಪಾಯ ಹೊಳೆಯಿತು. ತೊಳೆದುಕೊಂಡ ನೀರು ಹೇಗೂ ಬಟ್ಟಲಿನಲ್ಲಿದೆ. ಮೂತ್ರ ಮಾತ್ರ ಆದಾಗ ಹೊಸ ನೀರು ಎಳೆಯದೆ ಆ ನೀರನ್ನೇ ಪಂಪ್ ಮಾಡಿ ಕಳಿಸಿದರೆ ಸಾಕು. ದೊಡ್ಡದಕ್ಕೆ ಮಾತ್ರ ಪೂರ್ತಿ ಫ್ಲಶ್. ಬೆಳಿಗ್ಗೆ ಸಂಜೆ ಒಮ್ಮೊಮ್ಮೆ ಪೈಪ್ ತೊಳೆಯಲು ಸ್ವಲ್ಪ ಹೆಚ್ಚು ನೀರು. ಹೀಗೆ ಮಾಡಿದರೆ ದಿನಕ್ಕೆ 30 ಲೀಟರಿನ ಒಳಗೆ ಮುಗಿಯುತ್ತದೆ. ಟ್ಯಾಂಕ್ ಎರಡು ದಿನ ಬರುತ್ತದೆ. ನಮ್ಮ ಶುಚಿತ್ವದ ನೀರೇ ಎರಡು ಕೆಲಸ ಮಾಡಿತು ನೋಡಿ.

ಇನ್ನೊಂದು ಸಂಶಯವನ್ನು ತಮ್ಮನ ಹೆಂಡತಿ ಎತ್ತಿದಳು. ದೋಣಿಯಲ್ಲಿ ಸಿಹಿನೀರು ಕಡಿಮೆ. ಉಪ್ಪು ನೀರಿನಲ್ಲಿ ತೊಳೆದುಕೊಂಡರೆ, ವುಝೂ ಮಾಡಿದರೆ ಆಗುತ್ತದೆಯೇ? ಇದು ಬಹಳ ಹಳೆಯ ಪ್ರಶ್ನೆ. ಕಡಲಿನಲ್ಲಿ ಸಂಚರಿಸುವ ಒಬ್ಬರು ಪ್ರವಾದಿಯವರ(ಸ) ಬಳಿಗೇ ಬಂದು ಇದನ್ನು ಕೇಳಿದ್ದರು. ಜೊತೆಯಲ್ಲಿರುವ ಸ್ವಲ್ಪ ನೀರಿನಲ್ಲಿ ವುಝೂ ಮಾಡಿದರೆ ಕುಡಿಯಲು ಉಳಿಯುವುದಿಲ್ಲ ಎಂಬುದು ಅವರ ಕಷ್ಟ. ಕಡಲ ನೀರು ಶುದ್ಧವೆಂಬ ಉತ್ತರ ಅವರಿಗೆ ಸಿಕ್ಕಿತು. ಆದ್ದರಿಂದ ಸಿಹಿನೀರನ್ನು ಕುಡಿಯಲು ಉಳಿಸಿ, ಬಕೆಟ್ಟಿನಲ್ಲಿ ಎತ್ತಿದ ಕಡಲ ನೀರನ್ನು ಶೌಚಕ್ಕೆ ಬಳಸಲು ಅಡ್ಡಿಯಿಲ್ಲ.

ಇಬ್ನ್ ಬತೂತಾ ಮತ್ತು ಕಕ್ಕಸಿಲ್ಲದ ಕೋಣೆ

ಈ ಚಿಂತೆ ಇಂದು ನಿನ್ನೆಯದಲ್ಲ. ಮೊರೊಕ್ಕೋದ ಇಬ್ನ್ ಬತೂತಾರ ಹೆಸರನ್ನು ನೀವು ಕೇಳಿದ್ದೀರಿ. ಅವರು 1330ರ ದಶಕದ ಆರಂಭದಲ್ಲಿ ಇದೇ ತುರ್ಕಿಯ ದಕ್ಷಿಣ ತೀರದ ಅಲಾನ್ಯಾ ಎಂಬ ಬಂದರಿನಲ್ಲಿ ಇಳಿದಿದ್ದರು. ಹತ್ತು ವರ್ಷಗಳ ಬಳಿಕ ಅವರೇ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದರು. ಹೊನ್ನಾವರದಲ್ಲಿ ಹೆಣ್ಣು ಮಕ್ಕಳಿಗಾಗಿ 13 ಮತ್ತು ಗಂಡು ಮಕ್ಕಳಿಗಾಗಿ 23 ಶಾಲೆಗಳನ್ನು ಕಂಡುದಾಗಿಯೂ, ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ಅವರು ದಾಖಲಿಸಿದ್ದಾರೆ.

ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ್ದ. ಕಲ್ಲಿಕೋಟೆಯಲ್ಲಿ ಆಗ 13 ಚೀನೀ ಹಡಗುಗಳು ನಿಂತಿದ್ದವು. ಆ ಹಡಗುಗಳಲ್ಲಿ ಕುಟುಂಬದೊಂದಿಗೆ ಪ್ರಯಾಣಿಸುವವರಿಗಾಗಿ ಕೋಣೆಗಳ ಜೊತೆಗೆ ಕಕ್ಕಸೂ ಇರುವ ಬಿಡಾರಗಳಿದ್ದವು. ಬಾಗಿಲು ಹಾಕಿಕೊಂಡರೆ ಒಳಗಿರುವ ಮಹಿಳೆಯರು ಇಡೀ ಪ್ರಯಾಣದಲ್ಲಿ ಯಾರ ಕಣ್ಣಿಗೂ ಬೀಳದೆ ಇರಬಹುದಾಗಿತ್ತು. ಸುಮಾರು 680 ವರ್ಷಗಳ ಹಿಂದಿನ ಮಾತು ಇದು! ಇಬ್ನ್ ಬತೂತಾ ಅಂತಹದೇ ಒಂದನ್ನು ಕೇಳಿದರು. ಆದರೆ ಅವೆಲ್ಲವನ್ನೂ ಚೀನೀ ವ್ಯಾಪಾರಿಗಳು ಮೊದಲೇ ಹಿಡಿದಿದ್ದರು. ಉಳಿದ ಒಂದು ಕೋಣೆಯಲ್ಲಿ ಕಕ್ಕಸು ಇರಲಿಲ್ಲ. ಅದು ಇಕ್ಕಟ್ಟು ಕೂಡಾ ಆಗಿತ್ತು. ಕೊನೆಗೆ ಅವರು ತಮ್ಮ ಜನರನ್ನೂ ಸಾಮಾನನ್ನೂ ಜೊತೆಗಿದ್ದ ಸಣ್ಣ ಹಡಗಿಗೆ ಬದಲಾಯಿಸಿದರು. ತಾವು ಜುಮಾ ನಮಾಝಿಗಾಗಿ ದಡದಲ್ಲೇ ಉಳಿದರು. ಆ ರಾತ್ರಿ ಕಡಲು ಕೆರಳಿತು. ದೊಡ್ಡ ಹಡಗು ಒಡೆದು ಹೋಯಿತು. ಸಣ್ಣ ಹಡಗು ಅವರನ್ನು ಬಿಟ್ಟು ಹೊರಟು ಹೋಯಿತು. ಅವರ ಬಳಿ ಉಳಿದದ್ದು ಹತ್ತು ದೀನಾರ್ ಮತ್ತು ಹಾಸಿಕೊಳ್ಳುವ ಚಾಪೆ. ಯಾರ ಆಯುಷ್ಯ ಎಲ್ಲಿ ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಆದರೆ ಅಷ್ಟು ದೊಡ್ಡ ಯಾತ್ರಿಕನೂ ಹಡಗು ಹತ್ತುವ ಮೊದಲು ಕಕ್ಕಸಿನ ವಿಚಾರವನ್ನು ನೋಡಿದ್ದ, ಅದನ್ನು ಬರೆದಿಡಲು ನಾಚಿಕೊಳ್ಳಲಿಲ್ಲ ಎಂಬುದನ್ನು ನೆನಪಿಡಿ.

ಅದು ಹೋಗುವುದೆಲ್ಲಿಗೆ?

“ಟ್ಯಾಂಕ್ ಯಾಕೆ? ಕಡಲಿಗೆ ಬಿಟ್ಟರಾಯಿತಲ್ಲ, ಅಷ್ಟು ದೊಡ್ಡ ಕಡಲು” ಎಂದು ತಮ್ಮ ಕೇಳಿದ. ನಿಮಗೂ ಹಾಗೆಯೇ ಅನಿಸಬಹುದು.

ನಮ್ಮ ಮಂಗಳೂರಿನಲ್ಲಿ ಉಬ್ಬರ ಇಳಿತದ ನಡುವೆ ನಾಲ್ಕೈದು ಅಡಿಯ ವ್ಯತ್ಯಾಸ ಇರುತ್ತದೆ. ದಿನಕ್ಕೆರಡು ಸಲ ನೀರು ಬಂದು ಹೋಗಿ ಅಳಿವೆಯನ್ನು ತೊಳೆಯುತ್ತದೆ. ಮೆಡಿಟರೇನಿಯನ್ ಕಡಲಿನ ಈ ಭಾಗದಲ್ಲಿ ಅದು ಸುಮಾರು ಒಂದು ಅಡಿ ಅಷ್ಟೇ. ಬೆಟ್ಟಗಳ ನಡುವೆ ಮುಚ್ಚಿಕೊಂಡಿರುವ ಗೋಜೆಕ್‌ನ ಕೊಲ್ಲಿಗಳಲ್ಲಿ ನೀರು ಬಹಳ ನಿಧಾನವಾಗಿ ಬದಲಾಗುತ್ತದೆ. ಹಿಂದೆ ಹೇಳಿದೆನಲ್ಲ, ಕಡಲೋ ಕೆರೆಯೋ ಎಂದು? ಬಿಟ್ಟದ್ದು ಅಲ್ಲೇ ಉಳಿಯುತ್ತದೆ. ಪಕ್ಕದ ದೋಣಿಯ ಮಕ್ಕಳು ಅದೇ ನೀರಿನಲ್ಲಿ ಈಜುತ್ತಾರೆ. ಕೆಳಗೆ ಬೆಳೆಯುವ ಕಡಲ ಹುಲ್ಲು ನಾಶವಾದರೆ ಮೀನಿನ ಮರಿಗಳಿಗೆ ಆಸರೆ ಇರುವುದಿಲ್ಲ.

ದೊಡ್ಡ ಹಡಗುಗಳಿಗೆ ಅಂತಾರಾಷ್ಟ್ರೀಯ ನಿಯಮವಿದೆ. 2003ರಲ್ಲಿ ಜಾರಿಗೆ ಬಂದ ಆ ನಿಯಮದಂತೆ ಸಂಸ್ಕರಿಸದ ಮಲಿನ ನೀರನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆಗೆ ಮಾತ್ರ ಬಿಡಬಹುದು. ಆದರೆ ಅದು 400 ಟನ್ನಿನ ಮೇಲಿನ ಅಥವಾ 15ಕ್ಕಿಂತ ಹೆಚ್ಚು ಜನರಿರುವ ಹಡಗುಗಳಿಗೆ. ಸಣ್ಣ ದೋಣಿಗಳ ವಿಷಯವನ್ನು ಆಯಾ ದೇಶವೇ ನೋಡಿಕೊಳ್ಳಬೇಕು. ಫೆಥಿಯೆ–ಗೋಜೆಕ್ ಪ್ರದೇಶವನ್ನು ತುರ್ಕಿ 1988ರಲ್ಲೇ ವಿಶೇಷ ಪರಿಸರ ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. 2010ರ ಸುಮಾರಿಗೆ ಮುಗ್ಲಾ ಪ್ರಾಂತದಲ್ಲಿ ‘ಮಾವಿ ಕಾರ್ತ್’, ಅಂದರೆ ನೀಲಿ ಕಾರ್ಡ್ ಪದ್ಧತಿ ಬಂತು. ದೋಣಿಯ ಟ್ಯಾಂಕ್ ಖಾಲಿ ಮಾಡಿಸಿದಾಗಲೆಲ್ಲ ಎಷ್ಟು ಲೀಟರ್ ಕೊಟ್ಟರೆಂದು ಕಾರ್ಡಿನಲ್ಲಿ ದಾಖಲಾಗುತ್ತದೆ. ರೇಶನ್ ಕಾರ್ಡಿನಲ್ಲಿ ಪಡೆದದ್ದು ಬರೆಯುತ್ತಾರೆ, ಇಲ್ಲಿ ಕೊಟ್ಟದ್ದು ಬರೆಯುತ್ತಾರೆ! ಎಷ್ಟೋ ದಿನ ಕಡಲಲ್ಲಿದ್ದು ಏನನ್ನೂ ಕೊಡದಿದ್ದರೆ, ಅದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಕಡಲಿಗೆ ಬಿಟ್ಟವರಿಗೆ ದಂಡವಿದೆ. 1994ರಲ್ಲಿ ಸ್ಥಾಪನೆಯಾದ ತುರ್ಮೆಪಾ ಎಂಬ ಕಡಲ ಸ್ವಚ್ಛತೆಯ ಸಂಘಟನೆಯ ದೋಣಿಗಳು ಕೊಲ್ಲಿಗಳಿಗೇ ಬಂದು ತ್ಯಾಜ್ಯವನ್ನು ಹೀರಿಕೊಂಡು ಹೋಗುವ ಸೇವೆಯನ್ನೂ ಮಾಡುತ್ತಾ ಬಂದಿವೆ.

ಕಾನೂನು ಬರುವ ಎಷ್ಟೋ ಶತಮಾನಗಳ ಮೊದಲೇ ನಮಗೆ ಕಲಿಸಲಾದ ಪಾಠ ಇದು. ನಿಂತ ನೀರಿನಲ್ಲಿ ಮೂತ್ರ ಮಾಡಬಾರದು, ಜನರು ನೀರಿಗೆ ಬರುವಲ್ಲಿ, ನಡೆಯುವ ದಾರಿಯಲ್ಲಿ, ನೆರಳಿನಲ್ಲಿ ಹೊಲಸು ಮಾಡಬಾರದು ಎಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಸಣ್ಣ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುವ ನಾವು, ಮನೆಯ ಗುಂಡಿಯ ನೀರು ಪಕ್ಕದ ತೋಡಿಗೆ ಹೋಗುತ್ತಿದೆಯೋ ಎಂದು ನೋಡುತ್ತೇವೆಯೇ?

ಹೊರುವವರು ಯಾರು?

ಎತ್ತಿಕೊಂಡು ಹೋಗುವ ಟಾಯ್ಲೆಟ್ಟಿನ ಬಗ್ಗೆ ಮಾತಾಡುವಾಗ ಆ ಮಿತ್ರರು, “ಟ್ಯಾಂಕ್ ನಾನೇ ಹೊರುತ್ತೇನೆ. ನನ್ನ ಮಕ್ಕಳದ್ದು ತಾನೇ, ಅದರಲ್ಲಿ ನಾಚಿಕೆ ಏನು?” ಎಂದರು. ಆ ಮಾತನ್ನು ನಾನು ಇನ್ನೂ ಮರೆತಿಲ್ಲ.

ನಮ್ಮ ದೇಶದಲ್ಲಿ ಒಬ್ಬರ ಮಲವನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸಿದ ಇತಿಹಾಸವಿದೆ. ಕರ್ನಾಟಕದಲ್ಲಿ 1970ರ ದಶಕದಲ್ಲಿ, ದೇವರಾಜ ಅರಸರ ಸರಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993ರಲ್ಲಿ ಮತ್ತು ಇನ್ನಷ್ಟು ಬಿಗಿಯಾಗಿ 2013ರಲ್ಲಿ ಕಾನೂನು ಬಂತು. ಆದರೂ ಗುಂಡಿಗೆ ಇಳಿದು ಬಡವರು ಪ್ರಾಣ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ತನ್ನ ಮನೆಯದ್ದನ್ನು ತಾನೇ ಹೊರುತ್ತೇನೆ ಎನ್ನುವುದು ದೊಡ್ಡ ಗುಣ. ಆದರೆ ಗಂಡ ದುಬೈಗೆ ಮರಳಿದ ಮೇಲೆ, ಮಕ್ಕಳೊಂದಿಗೆ ದೋಣಿಯಲ್ಲಿ ಉಳಿಯುವುದು ಆಕೆ. ಆಗ 20 ಕಿಲೋ ಹೊರುವವರು ಯಾರು? ಆಕೆ ಕೇಳಿದ್ದು ಇದೊಂದೇ ಪ್ರಶ್ನೆ. ಅದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ.

ಉಮ್ಮನ ಮಾತು

ಉಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆ ಇದೆ. ಪದೇ ಪದೇ ಹೋಗಬೇಕಾಗುತ್ತದೆ. ದೋಣಿಯಲ್ಲಿ ವ್ಯವಸ್ಥೆ ಇಲ್ಲವೆಂದು ಗೊತ್ತಾದ ಕೂಡಲೇ ಅವರು ನೀರಿನ ಬಾಟಲಿಯನ್ನು ಚೀಲದೊಳಗೆ ಇಟ್ಟುಬಿಟ್ಟರು. ಮಧ್ಯಾಹ್ನದ ಬಿಸಿಲಿಗೆ ತುಟಿ ಒಣಗಿದರೂ ಕುಡಿಯಲು ಒಪ್ಪಲಿಲ್ಲ. ಆ ಗೃಹಿಣಿ ಇದನ್ನು ನೋಡಿ ಗಂಡನಿಗೆ ಹೇಳಿ ದೋಣಿಯನ್ನು ಹತ್ತಿರದ ಕೊಲ್ಲಿಗೆ ತಿರುಗಿಸಿದರು. ಆ ಕೊಲ್ಲಿಗಳಲ್ಲಿ ಮರದ ಕಟ್ಟೆ ಇರುವ ಹೋಟೆಲುಗಳಿವೆ. “ತೇಝೆ, ಬನ್ನಿ” ಎಂದು ಉಮ್ಮನ ಕೈ ಹಿಡಿದು ಇಳಿಸಿದರು. ತೇಝೆ ಎಂದರೆ ಚಿಕ್ಕಮ್ಮ. ಮರಳಿ ಬಂದ ಉಮ್ಮ ಎರಡು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದರು.

ಆಮೇಲೆ ಖಾಲಿ ಗೂಡನ್ನು ತೋರಿಸಿ, ಯಾವುದು ಒಳ್ಳೆಯದೆಂದು ತಮ್ಮ ಉಮ್ಮನಲ್ಲಿ ಕೇಳಿದ. “ಪೈಪಿನದೋ ಡಬ್ಬದ್ದೋ ನನಗೆ ಗೊತ್ತಾಗುವುದಿಲ್ಲ ಮಗಾ. ಬಾಗಿಲು ಇರಲಿ. ಒಳಗಿನಿಂದ ಚಿಲಕ ಇರಲಿ. ಹಿಡಿದುಕೊಳ್ಳಲು ಒಂದು ಸರಳು ಇರಲಿ. ಕೈಗೆ ಸಿಗುವಲ್ಲಿ ನೀರು ಇರಲಿ” ಎಂದರು ಉಮ್ಮ. ತಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಗೃಹಿಣಿ ಪೆನ್ನು ತೆಗೆದು ನಮ್ಮ ಲೆಕ್ಕದ ಕಾಗದದ ಕೆಳಗೆ ನಾಲ್ಕನ್ನೂ ಬರೆದುಕೊಂಡರು.

ಅವರು ಕೊನೆಗೆ ಪೈಪಿನ ಟಾಯ್ಲೆಟ್ಟನ್ನೇ ಹಾಕಿಸಿದರು. 60 ಲೀಟರಿನ ಟ್ಯಾಂಕ್, ಒಳಗಿನ ಚಿಲಕ, ಗೋಡೆಗೆ ಸ್ಟೀಲಿನ ಸರಳು, ಒಂದು ಸಣ್ಣ ಕೈಶವರ್. ಬಳಸಿದ ಬಳಿಕ ವಾಲ್ವ್ ಮುಚ್ಚಿ ಎಂಬ ಚೀಟಿಯನ್ನು ದೊಡ್ಡ ಮಗಳು ಬರೆದು ಅಂಟಿಸಿದ್ದಾಳಂತೆ. ಜುಲೈಯಲ್ಲಿ ತಮ್ಮನ ಫೋನಿಗೆ ಒಂದು ಫೋಟೋ ಬಂತು. ದೋಣಿಯಲ್ಲಿ ನಾಲ್ವರೂ ಇದ್ದರು.

ಹಾಗೆಂದು ಎಲ್ಲರಿಗೂ ಅದೇ ಸರಿ ಎಂದು ನಾನು ಹೇಳುವುದಿಲ್ಲ. ಹಗಲು ಮಾತ್ರ ಸುತ್ತುವ, ಸಂಜೆ ದಡಕ್ಕೆ ಬರುವ, ಹೊರಲು ಶಕ್ತಿಯಿರುವ ಇಬ್ಬರಿಗೆ ಎತ್ತಿಕೊಂಡು ಹೋಗುವುದೇ ವಾಸಿ. ತೂತು ಕಡಿಮೆಯಾದಷ್ಟೂ ದೋಣಿಗೆ ಕ್ಷೇಮ. ರಾತ್ರಿ ಉಳಿಯುವ, ಹೆಂಗಸರು ಮಕ್ಕಳಿರುವ, ನೀರು ಬಳಸುವ ಕುಟುಂಬಕ್ಕೆ ಟ್ಯಾಂಕ್ ಇರುವ ಪೈಪಿನದು ವಾಸಿ. ಎರಡರಲ್ಲಿ ಯಾವುದಾದರೂ ಸರಿ, ನೆರೆಯವರ ನೀರಿಗೆ ಬಿಡಬಾರದು.

ನಮ್ಮಲ್ಲಿ ಹೆಚ್ಚಿನವರು ಹಾಯಿದೋಣಿ ಕೊಳ್ಳುವುದಿಲ್ಲ. ಆದರೆ ಮುಂದಿನ ರಜೆಯಲ್ಲಿ ನೀವು ಆಲಪ್ಪುಝದ ಹೌಸ್‌ಬೋಟ್‌ಗೋ, ಮಡಿಕೇರಿಯ ಹೋಂಸ್ಟೇಗೋ, ಸಂಬಂಧಿಕರ ಮದುವೆಯ ಹಾಲ್‌ಗೋ ಹೋಗುವಿರಿ. ಫೋನ್ ಮಾಡಿ ಬಾಡಿಗೆ ಕೇಳುವಾಗಲೇ ಟಾಯ್ಲೆಟ್ ಎಷ್ಟಿದೆ, ಹಿರಿಯರಿಗೆ ಹಿಡಿದುಕೊಳ್ಳಲು ಏನಿದೆ, ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ ಇದೆಯೇ, ಮಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ನಾಚಿಕೊಳ್ಳಬೇಡಿ. ಮನೆಯ ಗಂಡಸರಿಂದಲೂ ಕೇಳಿಸಿ. ಹಾಗೆಯೇ ಹೊರಡುವ ದಿನ ನಿಮ್ಮ ತಾಯಿ, ಅತ್ತೆ ನೀರು ಕುಡಿಯುತ್ತಿದ್ದಾರೆಯೇ ಎಂದು ಒಮ್ಮೆ ಗಮನಿಸಿ. ಅವರು ಬೇಡ ಎಂದರೆ ಬಾಯಾರಿಕೆ ಇಲ್ಲವೆಂದು ತಿಳಿಯಬೇಡಿ.